ಕೈ ಕಟ್ಟಿ ನಿಂತ ನಿಮ್ಮಪ್ಪ

ಬ್ರೇಲಿ ಬೆಂಡ್, ಮಿಸೌರಿ
೨೦ ಫೆಬ್ರವರಿ ೧೯೯೭

ಮುದ್ದು ಮಗಳು ಜೆನೀಲ್‌ಗೆ, ನಿನ್ನ ಡೆಲ್ಮಾರ್ ಚಿಕ್ಕಪ್ಪ ಮಾಡುವ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಫಿನ್ಲೆಂಡಿನ ಆ ಹಾಳು ಚಳಿಯಲ್ಲಿ ಮನೆಮನೆಯ ಬಾಗಿಲು ಬಡಿದು ಧರ್ಮ ಹೇಳುತ್ತಿದ್ದೀಯ, ಬಾಗಿಲು ತೆರೆಯುವವರು ಒಂದು ಲೋಟ ಬಿಸಿನೀರಾದರೂ ಕೊಡುತ್ತಾರೋ ಇಲ್ಲವೋ. ಕಾಲುಚೀಲ ಒಂದರ ಮೇಲೊಂದು ಹಾಕಿಕೋ. ನನ್ನ ವಿಚಾರ ಕೇಳುವುದೇ ಬೇಡ. ನಮ್ಮ ಚರ್ಚಿನ ಮೆಟ್ಟಿಲು ಹತ್ತದೆ ಇಪ್ಪತ್ತು ವರ್ಷವಾಯಿತು, ಅದು ಬೇಡವೆಂದ ಕಾಫಿಯನ್ನೂ ಕುಡಿಯುವ ಪಾಪಿ ನಾನು, ಆದರೂ ಬಾಯಲ್ಲಿ ಒಂದು ಹಲ್ಲು ಅಲುಗಾಡಿಲ್ಲ. ನಿಮ್ಮಮ್ಮ ನೋರಾ ಅತ್ತಿಗೆಗೆ ಇದೇ ಹೊಟ್ಟೆಕಿಚ್ಚು. ಅವಳು ಕ್ಷೇಮ. ನಿಮ್ಮಪ್ಪನೂ ಮೈಯಲ್ಲಿ ಕ್ಷೇಮವೇ. ಆದರೆ ಕ್ರಿಸ್‌ಮಸ್ ದಿನ ನೀನು ಫೋನ್ ಮಾಡಿದಾಗ “ಎಲ್ಲಾ ಚೆನ್ನಾಗಿದೆ ಮಗಳೇ, ಎಲೆಕ್ಷನ್ ಏನು, ಬರುತ್ತೆ ಹೋಗುತ್ತೆ” ಅಂದನಲ್ಲ, ಅದು ಶುದ್ಧ ಸುಳ್ಳು. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಅದಕ್ಕೇ ಅಷ್ಟು ಬೇಗ ಫೋನು ನಿಮ್ಮಮ್ಮನ ಕೈಗೆ ಕೊಟ್ಟದ್ದು. ಧರ್ಮ ಹೇಳಲು ಹೋದವರಿಗೆ ವರ್ಷಕ್ಕೆ ಎರಡೇ ಫೋನು, ಮುಂದಿನದು ಮೇ ತಿಂಗಳ ಅಮ್ಮಂದಿರ ದಿನಕ್ಕೆ. ಅಲ್ಲಿಯವರೆಗೆ ನಿನ್ನನ್ನು ಕತ್ತಲಲ್ಲಿ ಇಡುವುದು ನನಗೆ ಸರಿಕಾಣಲಿಲ್ಲ.

ಅವನು ಕೌಂಟಿ ಕಮಿಷನರ್ ಸ್ಥಾನಕ್ಕೆ ನಿಂತದ್ದು ಯಾಕೆಂದು ನಿನಗೆ ಗೊತ್ತು. ಊರಿನ ಆಂಬುಲೆನ್ಸ್ ನಿಲ್ಲಿಸಿ ಪಕ್ಕದ ಕೌಂಟಿಯ ಗಾಡಿಯನ್ನೇ ನೆಚ್ಚಿಕೊಳ್ಳೋಣ ಅಂತ ಮೇಲಿನವರು ಮಾತಾಡಿಕೊಳ್ಳುತ್ತಿದ್ದರು. ಅದನ್ನು ಅಷ್ಟು ವರ್ಷ ಓಡಿಸಿದವನು ನಿಮ್ಮಪ್ಪ. ಈ ಊರಿನಲ್ಲಿ ಅವನು ಒಬ್ಬರನ್ನಾದರೂ ಆಸ್ಪತ್ರೆಗೆ ಹೊತ್ತೊಯ್ಯದ ಮನೆಯಿಲ್ಲ. ಎದುರಾಳಿ ಒಬ್ಬ ವಿಮೆ ಏಜೆಂಟು, ರಕ್ತ ಕಂಡರೆ ತಾನೇ ಮೂರ್ಛೆ ಹೋಗುವ ಆಸಾಮಿ. ಗೆಲುವು ನಮ್ಮದೇ ಎಂದು ನಾನು ಪ್ರಚಾರದ ಸಾರಥ್ಯ ವಹಿಸಿದೆ. ಎಂಟನೇ ತರಗತಿಗೆ ಶಾಲೆ ಬಿಟ್ಟವನಾದರೇನು, ನನ್ನಂಥ ತಲೆ ರಾಜಧಾನಿಯಲ್ಲೂ ಸಿಗದು. ನನ್ನ ಹೇಸರಗತ್ತೆಯ ಎರಡೂ ಪಕ್ಕಕ್ಕೆ ಹಲಗೆ ಕಟ್ಟಿ “ಈತ ಬಂದರೆ ಬದುಕುತ್ತೀರಿ, ಆರ್ವೆಲ್‌ಗೇ ಮತ” ಅಂತ ಬರೆದು ಪೇಟೆಯಲ್ಲಿ ನಡೆಸಿದೆ. ಅದು ವಿಮೆಯವನ ಬೋರ್ಡಿನ ಮುಂದೆ ನಿಂತು ಮಾಡಬಾರದ್ದನ್ನು ಮಾಡಿತು. ನಾನು ಕಲಿಸಿದ್ದಲ್ಲ ಎಂದರೆ ಯಾರೂ ನಂಬಲಿಲ್ಲ. ನಂಬದಿರಲಿ, ಆ ಖ್ಯಾತಿಯೂ ನನಗೇ ಇರಲಿ.

ಆದರೆ ಪೇಟೆಯ ಹೋಟೆಲಿನ ಬೆಳಗಿನ ಕಾಫಿ ಮೇಜಿನಲ್ಲಿ ಆಂಬುಲೆನ್ಸಿನ ಮಾತೇ ಏಳುತ್ತಿರಲಿಲ್ಲ. ಮರದ ಮಿಲ್ಲಿನ ಕ್ಲೆಮ್ ಗೊತ್ತಲ್ಲ, ಗರಗಸಕ್ಕೆ ತೊಡೆ ಕೊಟ್ಟಾಗ ನಿಮ್ಮಪ್ಪ ದಾರಿಯುದ್ದಕ್ಕೂ ಗಾಯ ಅದುಮಿ ಹಿಡಿದು ಉಳಿಸಿದನಲ್ಲ, ಅವನೇ ಶುರುಮಾಡಿದ. “ಡೆಲ್ಮಾರ್, ನೀವು ಮಾರ್ಮನ್ನರು ಹಿಂದೆ ಒಬ್ಬೊಬ್ರೂ ನಾಲ್ಕಾರು ಜನರನ್ನ ಕಟ್ಕೊಳ್ತಿದ್ರಂತಲ್ಲ, ನಿಮ್ಮಣ್ಣಂಗೆ ಎಷ್ಟು ಜನ ಹೆಂಡ್ತೀರು, ನಿಜ ಹೇಳು” ಅಂದ. “ಒಬ್ಳೇ ಕಣೋ. ನೋರಾನ ನೋಡಿದ್ಮೇಲೂ ಇನ್ನೊಬ್ಳು ಬೇಕು ಅನ್ನೋ ಧೈರ್ಯ ಯಾವ ಗಂಡಸಿಗಿದೆ?” ಅಂದೆ. ಎಲ್ಲರೂ ಮೇಜು ಬಡಿದು ನಕ್ಕರು. (ಇದನ್ನು ನಿಮ್ಮಮ್ಮನಿಗೆ ಬರೆಯಬೇಡ.) ನಗು ನಿಂತ ಮೇಲೆ ಕ್ಲೆಮ್ ಮೆತ್ತಗೆ, “ಆರ್ವೆಲ್ ಬಂಗಾರದಂಥೋನು, ಇಲ್ಲ ಅನ್ನಲ್ಲ. ಆದ್ರೆ ಅವ್ನು ಮಾರ್ಮನ್ನು. ಸಾಲ್ಟ್ ಲೇಕಿನ ನಿಮ್ಮ ಚರ್ಚಿನ ದೊಡ್ಡ ಆಫೀಸಿಂದ ನಿಮ್ಮ ಪ್ರವಾದಿ ಫೋನ್ ಮಾಡಿದ್ರೆ ನಮ್ಮ ಮಾತು ಕೇಳ್ತಾನಾ, ಅವ್ರ ಮಾತು ಕೇಳ್ತಾನಾ?” ಅಂದ. “ನಮ್ಮೂರ ರಸ್ತೆ ಗುಂಡಿ ವಿಚಾರಿಸೋಕೆ ಆ ಮುದುಕರಿಗೇನು ಬೇರೆ ಕೆಲ್ಸ ಇಲ್ವೇನಯ್ಯಾ?” ಅಂದೆ. ಈ ಸಲ ಯಾರೂ ನಗಲಿಲ್ಲ.

ನಾನು ನಿಮ್ಮ ಮನೆಗೆ ಬಂದು, ಮನುಷ್ಯನ ನಂಬಿಕೆ ಓಟಿನ ಲೆಕ್ಕಕ್ಕೆ ಬರಲೇಬಾರದು, ಇದನ್ನೇ ಊರೆಲ್ಲ ಸಾರುತ್ತೇನೆ ಅಂತ ಕೂಗಾಡಿದೆ. ನಿಮ್ಮಪ್ಪ ಬೂಟಿನ ದಾರ ಬಿಚ್ಚುತ್ತಿದ್ದವನು ತಲೆಯೆತ್ತಿ, “ಹಾಗೆ ಮಾತ್ರ ಹೇಳ್ಬೇಡ ಡೆಲ್ಮಾರ್. ಫೋನ್ ಬಂದ ತಕ್ಷಣ ನಾನು ಹಾಸಿಗೆ ಬಿಟ್ಟು ಏಳೋದೇ ಆ ನಂಬಿಕೆಯಿಂದ. ಅದು ಲೆಕ್ಕಕ್ಕಿಲ್ಲ ಅಂದ್ರೆ ನಾನೂ ಲೆಕ್ಕಕ್ಕಿಲ್ಲ” ಅಂದ. ಈ ಊರಿನವರು ಅವನನ್ನು ಬೇಡವೆನ್ನುವುದೂ ಆ ನಂಬಿಕೆಗೇ, ಇವರಿಗೆ ಅವನು ಬೇಕಾಗಿರುವುದೂ ಅದರಿಂದಲೇ. ಇದನ್ನು ಹೇಸರಗತ್ತೆಯ ಮೇಲೆ ಹೇಗೆ ಬರೆಯುವುದು ಹೇಳು.

ಅಕ್ಟೋಬರಿನಲ್ಲಿ, ಊರಿನ ಹೆಚ್ಚಿನವರು ಹೋಗುವ ಬ್ಯಾಪ್ಟಿಸ್ಟ್ ಚರ್ಚಿನ ಸಭಾಂಗಣದಲ್ಲಿ ಅಭ್ಯರ್ಥಿಗಳ ಸಭೆಯಾಯಿತು. ನಿಮ್ಮಪ್ಪನ ಬಲಕ್ಕೆ ನಿಮ್ಮ ಎದುರು ಮನೆಯ ಐರೀನಮ್ಮ. ಅವಳೇ ಹಟಹಿಡಿದು ಬಂದು ಅವನ ಪಕ್ಕ ಕೂತಿದ್ದಳು. ಆ ಹೆಂಗಸು ಯಾರ ಪಕ್ಕ ಕೂರುತ್ತಾಳೋ ಅರ್ಧ ಊರು ಅತ್ತ ವಾಲುತ್ತದೆ. ಯಾರೋ ಆ ಪ್ರವಾದಿಯ ಫೋನಿನ ಪ್ರಶ್ನೆಯನ್ನೇ ಕೇಳಿದರು. ನಿಮ್ಮಪ್ಪ ಎದ್ದು, “ನಮ್ಮನೆಗೆ ಫೋನ್ ಬಂತು ಅಂದ್ರೆ ನಿಮ್ಮಲ್ಲೇ ಯಾರಿಗೋ ಎದೆನೋವು ಅಂತ. ಎದ್ದು ಹೋಗ್ತೀನಿ, ಅಷ್ಟೇ” ಅಂದ. ಚಪ್ಪಾಳೆ ಬಿತ್ತು ಮಗಳೇ. ಕ್ಲೆಮ್ ಕೂಡ ತಟ್ಟಿದ. ಗೆದ್ದೆವು ಅಂದುಕೊಂಡೆ.

ಆಮೇಲೆ ಪಾಸ್ಟರು ಎಲ್ಲರನ್ನೂ ಎಬ್ಬಿಸಿ ಪ್ರಾರ್ಥನೆ ಶುರುಮಾಡಿದರು. ಅವರಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಪ್ರಾರ್ಥಿಸುವುದು. ನಮ್ಮಲ್ಲಿ ಹೇಗೆಂದು ನಿನಗೆ ಗೊತ್ತು: ಕಣ್ಣು ಮುಚ್ಚು, ತಲೆ ತಗ್ಗಿಸು, ಕೈ ಎದೆಯ ಮೇಲೆ ಕಟ್ಟು. ಮೂರು ವರ್ಷದ ಮಗುವಿಗೇ ಕಲಿಸುತ್ತಾರೆ, ಪಕ್ಕದವರನ್ನು ಚಿವುಟದಿರಲಿ ಅಂತಲೋ ಏನೋ. ಪಾಸ್ಟರು “ತಂದೆಯೇ” ಅಂದರು, ನಿಮ್ಮಪ್ಪನ ಕಣ್ಣು ಮುಚ್ಚಿತು, ಕೈ ಎದೆಗೆ ಹೋಯಿತು. ಐರೀನಮ್ಮ ಕೈ ಚಾಚಿದ್ದಳು. ಆ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಎದುರಿಗಿದ್ದ ಅಷ್ಟೂ ಜನ ಅದನ್ನು ನೋಡಿದರು. ನಾನು ನೋಡಲಿಲ್ಲ, ಯಾಕೆಂದರೆ ಇಪ್ಪತ್ತು ವರ್ಷ ಚರ್ಚು ಬಿಟ್ಟ ಈ ಪಾಪಿಯ ಕಣ್ಣೂ ಮುಚ್ಚಿತ್ತು, ಕೈಗಳೂ ತಾವಾಗಿ ಎದೆಗೆ ಬಂದಿದ್ದವು. ಹೊರಗೆ ಬರುವಷ್ಟರಲ್ಲಿ ಮಾತು ಹಬ್ಬಿತ್ತು: “ಮುದುಕಿ ಕೈ ಕೊಟ್ರೆ ಮುಟ್ಟಲಿಲ್ಲ. ನಮ್ಮ ಪ್ರಾರ್ಥನೆ ಅಂದ್ರೆ ಅವ್ನಿಗೆ ಅಷ್ಟು ಅಸಹ್ಯ.”

ಮರುದಿನವೇ ಅವನು ಅವಳ ಅಡುಗೆಮನೆಗೆ ಹೋದ, ಹಿಂದೆ ನಾನು. “ಕಣ್ಣು ಮುಚ್ಚಿದ್ದೆ ಐರೀನಮ್ಮ, ನಿಮ್ಮ ಕೈ ಕಾಣ್ಲಿಲ್ಲ” ಅಂದ. ಅವಳು ಸೇಬಿನ ಪೈ ಕತ್ತರಿಸಿ ನಮ್ಮ ಮುಂದಿಟ್ಟಳು, ಸಿಟ್ಟಿನ ಸುಳಿವೂ ಇಲ್ಲ. “ಬೇಕೂಂತ ಮಾಡಿದ್ದಲ್ಲ ಅಂತ ಗೊತ್ತು ಕಣಪ್ಪ. ನನ್ನ ಗಂಡನ್ನ ನೀನು ಆಸ್ಪತ್ರೆಗೆ ಹೊತ್ಕೊಂಡು ಹೋದೆ, ಸಾಯೋತನಕ ಮರೆಯಲ್ಲ. ಆದ್ರೆ ನಮ್ಮೋನೇ ಆಗಿದ್ರೆ ಕಣ್ಣು ಮುಚ್ಚಿದ್ರೂ ಕೈ ಸಿಗ್ತಿತ್ತು. ನನ್ನ ಓಟು ನಿಮ್ಮ ದೇವರಿಗೆ ಹಾಕಕ್ಕಾಗಲ್ಲ.” ಅವನು, “ದೇವರಾಗಿ ನಿಂತಿಲ್ಲಮ್ಮ, ಕಮಿಷನರಾಗಿ ನಿಂತಿದೀನಿ” ಅಂದ. “ಗೊತ್ತಪ್ಪ, ತಿನ್ನು” ಅಂದಳು. ತಿಂದು ಬಂದೆವು. ಪೈ ಚೆನ್ನಾಗಿತ್ತು, ಅದೇ ಸಂಕಟ.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಸೋತೆವು, ತಲೆ ಎತ್ತಲಾಗದ ಹಾಗೆ ಸೋತೆವು. ವಿಮೆಯವನು ಜನವರಿಯಲ್ಲಿ ಕುರ್ಚಿ ಹತ್ತಿದ, ತಿಂಗಳು ತುಂಬುವುದರೊಳಗೆ ಆಂಬುಲೆನ್ಸ್ ಹೋಯಿತು. ನಿಮ್ಮಪ್ಪ ಅದನ್ನು ತೊಳೆದು, ಒಳಗಿನ ಹೊದಿಕೆ ಮಡಿಸಿಟ್ಟು, ಕೀಲಿ ಕೊಟ್ಟು ನಡೆದುಕೊಂಡೇ ಮನೆಗೆ ಬಂದ. ಊರಿನವರು ಅವನನ್ನು ಕಂಡರೆ ಈಗಲೂ ಟೋಪಿ ಮುಟ್ಟಿ ನಮಸ್ಕರಿಸುತ್ತಾರೆ. ಅವರು ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಇಷ್ಟು ಒಳ್ಳೆಯ ಜನರ ಹತ್ತಿರ ಏನು ಮಾಡುವುದು? ನಾಲ್ಕು ವರ್ಷದ ಮೇಲೆ ಮತ್ತೆ ನಿಲ್ಲು ಎಂದು ನಾನೂ ಹೇಳುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆಗಾತಿ ಹುಡುಗಿಗೂ ನನ್ನ ಆಶೀರ್ವಾದ ಹೇಳು. ದೇವರು, ನಮ್ಮವನೋ ಅವರವನೋ ಯಾರು ಬಿಡುವಾಗಿದ್ದಾನೋ ಅವನು, ನಿನ್ನನ್ನು ಕಾಯಲಿ.

ನಿನ್ನ
ಡೆಲ್ಮಾರ್ ಚಿಕ್ಕಪ್ಪ

ಮರೆಯುವ ಮೊದಲು: ಟಪಾಲಿನವನು ಗೇಟಿಗೆ ಬಂದಿದ್ದಾನೆ, ಬೇಗ ಬರೆಯುತ್ತೇನೆ. ಐರೀನಮ್ಮ ಹೋದ ವಾರ ತೀರಿಕೊಂಡಳು. ಎದೆನೋವು ಬಂದಾಗ ಹಳೆಯ ರೂಢಿಯಲ್ಲಿ ನಿಮ್ಮ ಮನೆಗೇ ಫೋನ್ ಮಾಡಿದಳು. ನಿಮ್ಮಪ್ಪ ರಸ್ತೆ ದಾಟಿ ಓಡಿದ, ಪಕ್ಕದ ಕೌಂಟಿಯ ಗಾಡಿ ಬರುವವರೆಗೆ ಅವಳ ಕೈ ಹಿಡಿದು ನೆಲದ ಮೇಲೆ ಕೂತಿದ್ದ. “ಇವತ್ತು ಕಣ್ಣು ಮುಚ್ಬೇಡ ಕಣಪ್ಪ” ಅಂದಳಂತೆ. ಗಾಡಿ ಬರುವ ಹೊತ್ತಿಗೆ ಎಲ್ಲಾ ಮುಗಿದಿತ್ತು. ಅವಳನ್ನು ಮಣ್ಣು ಮಾಡಿದ ದಿನ ಪಾಸ್ಟರು ಪ್ರಾರ್ಥನೆಗೆ ಕರೆದಾಗ, ಅವರ ಬಾಯಿಂದ ಮಾತು ಬೀಳುವ ಮೊದಲೇ ನಿಮ್ಮಪ್ಪ ಕಣ್ಣು ಬಿಟ್ಟುಕೊಂಡು ಎರಡೂ ಕೈ ಚಾಚಿದ. ಎಡಗೈ ನಾನು ಹಿಡಿದೆ. ಬಲಕ್ಕೆ ಕ್ಲೆಮ್ ನಿಂತಿದ್ದ. ಅವನು ಎರಡೂ ಕೈ ಕೋಟಿನ ಜೇಬಿಗೆ ಹಾಕಿಕೊಂಡು ಬೂಟು ನೋಡುತ್ತಿದ್ದ. ಆಮೆನ್ ಎನ್ನುವವರೆಗೂ ನಿಮ್ಮಪ್ಪ ಆ ಕೈ ಕೆಳಗಿಳಿಸಲಿಲ್ಲ. ಜುಲೈಯಲ್ಲಿ ಅಲ್ಲಿಯ ಸೇವೆ ಮುಗಿಸಿ ಬಂದವಳು ಬೇರೆ ಊರಲ್ಲಿ ಕೆಲಸ ಹುಡುಕುವುದಿದ್ದರೆ ಹುಡುಕು, ಬೇಡವೆನ್ನುವುದಿಲ್ಲ. ಮೊದಲು ಸ್ವಲ್ಪ ದಿನ ಅವನ ಬಲಗಡೆ ನಿಂತು ಹೋಗು.