ಒಳಬದಿಯ ನೀಲಿ ಎಳೆ

ನವೆಂಬರ್ ೧೨, ಗುರುವಾರ
ಸಂಜೆ ನಾಲ್ಕೂವರೆ

ಅಮ್ಮಾ,

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ‘ಚರ್ರ್’ ಎಂಬ ಸದ್ದಿಗೆ ಎಚ್ಚರವಾಯಿತು. ಉಣ್ಣೆ ಹರಿಯುವ ಸದ್ದು ನಿನ್ನ ಮಗಳಿಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಗುಬ್ಬಚ್ಚಿ ಹುಟ್ಟಿ ಐದು ತಿಂಗಳಾಯಿತು, ನಾನು ಒಂದು ರಾತ್ರಿ ಸರಿಯಾಗಿ ಮಲಗಿಲ್ಲ. ಅವಳು ಅತ್ತರೆ ಒಂದು ಭಯ, ಸುಮ್ಮನಾದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಬಳಿ ಬೆರಳು ಹಿಡಿದು ಕೂರುತ್ತೇನೆ. ಇಷ್ಟು ದಿನ ಬರೆಯದಿದ್ದಕ್ಕೆ ಅದನ್ನೇ ನೆಪ ಹೇಳಬಹುದಿತ್ತು. ನೆಪ ನಿನ್ನ ಮುಂದೆ ನಡೆಯುವುದಿಲ್ಲ. ಕ್ಷಮಿಸು. ಮಂಡಿನೋವು ಹೇಗಿದೆ?

ಎದ್ದು ಹೋಗಿ ನೋಡಿದರೆ ಮಾವನವರ ಬೂದು ಕೋಟಿನ ತೋಳು ಬೀರುವಿನ ಚಿಲಕಕ್ಕೆ ಸಿಕ್ಕಿ ಗೇಣುದ್ದ ಹರಿದಿತ್ತು. ನಾಡಿದ್ದು ಅವರ ಎರಡನೆಯ ಫರ್ನಿಚರ್ ಅಂಗಡಿ ತೆರೆಯುತ್ತದೆ, ಮಧ್ಯಾಹ್ನದ ಊಟಕ್ಕೆ ಬಂದವರು ಅದಕ್ಕೆಂದು ಕೋಟು ತೆಗೆಯಲು ಹೋಗಿದ್ದರು.

“ಬಿಸಾಕ್ರಿ ಅತ್ಲಾಗೆ! ಇಷ್ಟು ಸಂಪಾದಿಸಿ ಆ ಹಳೇ ಕೋಟಿಗೆ ಜೋತುಬಿದ್ದಿದ್ದೀರಲ್ಲ. ಹೊಸದು ತನ್ನಿ,” ಎಂದರು ಅತ್ತೆ.

“ಅಂಗಡಿ ಹೊಸದು, ಕೋಟೂ ಹೊಸದು. ಹಾಗಾದ್ರೆ ನನ್ನನ್ನೂ ಬದಲಾಯಿಸಿಬಿಡು.”

“ಸಿಕ್ಕಿದ್ರೆ ನೋಡೋಣ.”

ನಾನು ಕೋಟು ಇಸಿದುಕೊಂಡು ಅಭ್ಯಾಸಬಲದಿಂದ ಒಳಬದಿ ತಿರುವಿದೆ. ಎಡ ಎದೆಯ ಹತ್ತಿರ, ಅಸ್ತರಿನ ಅಂಚು ಸರಿಸಿದರೆ, ಅರ್ಧ ಅಂಗುಲದ ನೀಲಿ ಎಳೆ! ಹರಿದ ಜಾಗ ಹೊರಗೆ ಯಾರ ಕಣ್ಣಿಗೂ ಬೀಳದ ಹಾಗೆ ಎಳೆಗೆ ಎಳೆ ಸೇರಿಸಿ ರಫು ಮಾಡಿ, ಒಳಗೆ ಮಾತ್ರ ಒಂದು ನೀಲಿ ಎಳೆ ಬಿಡುವವರು ಈ ಊರಿನಲ್ಲಿ ಎಷ್ಟು ಜನ ಇದ್ದಾರಮ್ಮ? “ಊರಿಗೆ ಕಾಣಬಾರದು, ಒಡೆಯನಿಗೆ ಮುಚ್ಚಬಾರದು” ಎಂದು ನೀನು ಹೇಳುತ್ತಿದ್ದಾಗ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವಳು ನಾನಲ್ಲವೇ?

“ಮಾವ, ಇದನ್ನ ಮೊದಲೇ ಒಂದ್ಸಲ ರಫು ಮಾಡಿಸಿದ್ದೀರಿ,” ಎಂದೆ.

ಸಿಕ್ಕಿಬಿದ್ದ ಕಳ್ಳನ ಹಾಗೆ ಅತ್ತೆಯ ಮುಖ ನೋಡಿದರು. ಆಮೇಲೆ ನಗುತ್ತಾ ಹೇಳಿದರು. ಇಪ್ಪತ್ತೆರಡು ವರ್ಷದ ಹಿಂದೆ, ಮೊದಲ ಅಂಗಡಿ ತೆರೆಯುವ ಹಿಂದಿನ ಸಂಜೆ, ಇದೇ ಕೋಟು ಮೊಳೆಗೆ ಸಿಕ್ಕಿತಂತೆ. ರಾತ್ರಿಯೆಲ್ಲ ಕೂತು ಮಾಡಿಕೊಟ್ಟರೆ ಮೂರು ಪಟ್ಟು ಕೂಲಿ ಎಂದು ರಫು ಮಾಡುವ ಹೆಂಗಸಿಗೆ ಆಳಿನ ಕೈಯಲ್ಲಿ ಹೇಳಿ ಕಳಿಸಿದರಂತೆ.

“ಆ ತಾಯಿ ಏನಂದ್ರು ಗೊತ್ತಾ? ದೀಪದಲ್ಲಿ ಬಣ್ಣ ಮೋಸ ಮಾಡುತ್ತೆ, ಕಿಟಕಿಗೆ ಬೆಳಕು ಬಂದ ಮೇಲೆ ನೋಡೋಣ. ದುಡ್ಡು ಹೆಚ್ಚಾಗಿದ್ರೆ ಸೂರ್ಯನಿಗೆ ಕೊಡಿ, ಬೇಗ ಬರಲಿ ಅಂತ! ನನ್ನ ಅಂಗಡಿ ಒಂದು ದಿನ ತಡವಾಗಿ ತೆರೀತು. ಅವತ್ತು ಎಷ್ಟು ಬೈಕೊಂಡೆ! ಆದ್ರೆ ನೋಡು, ಇಷ್ಟು ವರ್ಷದಲ್ಲಿ ರಾತ್ರಿ ಹತ್ತಕ್ಕೆ ಮೊದಲು ಬಾಗಿಲು ಹಾಕಿ ಮನೆಗೆ ಬಂದವನಲ್ಲ ನಾನು. ‘ಇಷ್ಟು ಸಾಕು’ ಅನ್ನೋ ಮಾತು ನನ್ನ ಬಾಯಿಗೆ ಇನ್ನೂ ಬಂದಿಲ್ಲ. ಆಕೆಗೆ ಬಂದಿತ್ತು. ಇಬ್ಬರಲ್ಲಿ ಸಾಹುಕಾರರು ಯಾರು, ನೀನೇ ಹೇಳಮ್ಮ.”

“ಅವರು ನಮ್ಮಮ್ಮ,” ಎಂದೆ.

ಅತ್ತೆಯೇ ಮೊದಲು ಕೇಳಿದರು: “ನಿಮ್ಮಮ್ಮಂದು ಬಟ್ಟೆ ಅಂಗಡಿ ಅಂದಿದ್ದೆಯಲ್ಲ?”

“ಸುಳ್ಳು ಹೇಳಿದ್ದೆ ಅತ್ತೆ. ಅಂಗಡಿ ಇಲ್ಲ. ಒಂದು ಕೋಣೆ, ಒಂದು ಕಿಟಕಿ, ಒಂದು ಕುರ್ಚಿ. ಅದರಲ್ಲೇ ನನ್ನನ್ನ ಕಾಲೇಜು ಓದಿಸಿದ್ರು.”

ಹೇಳುವಾಗ ನನ್ನ ತಲೆ ತಗ್ಗಲಿಲ್ಲ ಅಮ್ಮಾ. ಪದವಿ ತೆಗೆದುಕೊಂಡ ದಿನವೂ ನಾನು ಅಷ್ಟು ನೆಟ್ಟಗೆ ನಿಂತಿರಲಿಲ್ಲ.

ಅತ್ತೆ ಕೋಟನ್ನು ಕಿಟಕಿಯ ಬಳಿ ಒಯ್ದು, ಕನ್ನಡಕ ಏರಿಸಿ, ಹೊರಬದಿಯಲ್ಲಿ ಹುಡುಕಿಯೇ ಹುಡುಕಿದರು. “ಇಷ್ಟು ವರ್ಷ ನಾನೇ ಇಸ್ತ್ರಿ ಹಾಕಿದ್ದೀನಿ. ಎಲ್ಲಿ ಹರಿದಿತ್ತೋ ಈಗಲೂ ಕಾಣ್ತಿಲ್ಲವಲ್ಲ,” ಎಂದರು. ಯಾರನ್ನೇ ಆಗಲಿ ಅವರು ಇದಕ್ಕಿಂತ ಹೆಚ್ಚು ಹೊಗಳಿದ್ದನ್ನು ನಾನು ಕೇಳಿಲ್ಲ.

ನಾಳೆ ಬೆಳಕು ಹರಿಯುತ್ತಿದ್ದ ಹಾಗೆ ಮಾವ ತಾವೇ ಕೋಟು ಹಿಡಿದು ನಿನ್ನ ಬಾಗಿಲಿಗೆ ಬರುತ್ತಾರಂತೆ. “ಸಂಜೆಯೊಳಗೆ ಆಗದಿದ್ರೆ ಅಂಗಡಿ ಈ ಸಲವೂ ಒಂದು ದಿನ ಮುಂದಕ್ಕೆ ಹೋಗಲಿ ಬಿಡು,” ಎನ್ನುತ್ತಿದ್ದಾರೆ. ಜೊತೆಗೆ ನಾನೂ ಗುಬ್ಬಚ್ಚಿಯೂ ಬರುತ್ತೇವೆ. ಪಕ್ಕದ ಮನೆಯ ಬಸ್ ಚಾಲಕರು ಈಗ ಪಾಳಿಗೆ ಹೊರಟಿದ್ದಾರೆ, ಈ ಪತ್ರವನ್ನು ನಿನ್ನ ಕೈಗೇ ಕೊಡುತ್ತಾರೆ.

ನಿನ್ನ ಮೊಮ್ಮಗಳಿಗೆ ನಿನ್ನ ಕೈಯೂ ಬರಲಿ, ನಿನ್ನ ಬಾಯಿಯೂ ಬರಲಿ ಎಂದು ಹರಸು.

ನಿನ್ನ
ದಾರದುಂಡೆ

ಮತ್ತೊಂದು ಮಾತು: ಮರೆತಿದ್ದೆ ಎಂದರೆ ಅದೂ ಸುಳ್ಳಾಗುತ್ತದೆ. ಮದುವೆಯ ದಿನ ಅತ್ತೆ “ಅಂಗಡಿ ಹೇಗೆ ನಡೀತಿದೆ?” ಎಂದು ಕೇಳಿದಾಗ ನೀನು ನನ್ನ ಮುಖ ನೋಡಿದೆ. ನಾನು ನೆಲ ನೋಡಿದೆ. “ನಡೀತಿದೆ, ಚಿಕ್ಕದು,” ಎಂದು ನೀನು ಹೇಳಿದೆ. ಯಾರ ಹರಕನ್ನೂ ಅವರಿಂದ ಮುಚ್ಚಿಡದವಳ ಬಾಯಲ್ಲಿ ನಾನು ಸುಳ್ಳು ಆಡಿಸಿದೆ. ಅವತ್ತು ನೀನು ಉಣ್ಣದೆ ಹೋದೆ. ಒಂದೇ ಊರಿನಲ್ಲಿದ್ದೂ ಈ ಮನೆಯ ಹೊಸ್ತಿಲು ತುಳಿದಿಲ್ಲ. ಗುಬ್ಬಚ್ಚಿಗೆ ಹೊದಿಕೆ ಕಳಿಸಿದೆ, ನಾನು ಮಡಿಕೆ ಮಡಿಕೆ ಬಿಡಿಸಿ ನೋಡಿದೆ, ನೀನು ಬರೆದ ಒಂದು ಸಾಲೂ ಇರಲಿಲ್ಲ. ನಾನು ಫೋನ್ ಮಾಡಿದರೆ “ಕೆಲಸ ಇದೆ” ಎಂದು ಇಡುತ್ತೀ. ನಾಳೆ ಮಾವನಿಗೆ ಬಾಗಿಲು ತೆರೆಯುತ್ತೀ, ಗೊತ್ತು. ನನಗೆ? ಈ ಪತ್ರ ಓದಿ ಮುಗಿಸುವಷ್ಟರಲ್ಲಿ ಕಿಟಕಿಯ ಬೆಳಕು ಹೋಗಿರುತ್ತದೆ, ಇನ್ನು ನಿನಗೆ ಕೆಲಸವಿಲ್ಲ. ಬೈಯುವುದಕ್ಕಾದರೂ ಸರಿ, ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡಮ್ಮ.