ಮಂಡಿಯ ತಪ್ಪಲ್ಲ

ಅಮ್ಮ,

ನೀನು ಸ್ನಾನಕ್ಕೆ ಹೋದಾಗ ಬರೀತಿದೀನಿ, ಎದುರಿಗೆ ಹೇಳೋಕೆ ನನಗೆ ಮುಖ ಇಲ್ಲ. ಕಾರು ತಗೊಂಡು ಕಮ್ಮನಹಳ್ಳಿ ಗ್ಯಾರೇಜಿಗೆ ಹೋಗ್ತಿದೀನಿ. ಉಪ್ಪಿಟ್ಟು ಮುಚ್ಚಿಟ್ಟಿದೀನಿ, ಆರೋದ್ರೊಳಗೆ ತಿನ್ನು.

ಹೋದ ತಿಂಗಳು ಸಸ್ಪೆನ್ಷನ್ ರಿಪೇರಿ ಅಂದೆನಲ್ಲ, ಅದು ರಿಪೇರಿ ಅಲ್ಲ. ತಿರುವಿನಲ್ಲಿ ಗಾಡಿ ವಾಲಬಾರದು ಅಂತ ಗಟ್ಟಿ ಸ್ಪ್ರಿಂಗ್ ಹಾಕಿಸಿ, ನಮ್ಮ ಹಳೇ ಪೋಲೋನ ಮೂರು ಬೆರಳು ತಗ್ಗಿಸಿದೆ. ಹಲಸೂರು ದೇವಸ್ಥಾನದ ಮುಂದೆ ಕಾರಿನ ಸೀಟಿನಿಂದ ಏಳೋಕಾಗದೆ ಹೂವಿನವರ ಕೈ ಹಿಡ್ಕೊಂಡು, "ಮಂಡಿ ಹೋಯ್ತು ಕಣೇ ಪೂಜಿತಾ, ವಯಸ್ಸಾಯ್ತು" ಅಂದೆಯಲ್ಲ, ತಗ್ಗಾಗಿರೋದು ಸೀಟು ಅಂತ ಆಗಲೇ ಹೇಳಬೇಕಿತ್ತು. ನಾನು "ಎಣ್ಣೆ ಹಚ್ಕೊಳಮ್ಮ" ಅಂದುಬಿಟ್ಟೆ. ನೀನು ದಿನಾ ಹಚ್ಕೋತಿದೀಯ. ನಿನ್ನೆ ಪಕ್ಕದ ಮನೆ ಅಮೃತಮ್ಮನವರ ಕೋಲು ಕೇಳಿ ತಂದು ಬಾಗಿಲ ಹಿಂದೆ ಇಟ್ಟಿರೋದು ನೋಡಿದೆ.

ಹಳೇ ಸ್ಪ್ರಿಂಗ್ ನನ್ನ ಮಂಚದ ಕೆಳಗೇ ಇದ್ದವು, ನಿನ್ನ ಹರಿದ ಸೀರೇಲಿ ಸುತ್ತಿಟ್ಟಿದ್ದೆ. ಇವತ್ತು ಅವನ್ನೇ ವಾಪಸ್ ಹಾಕಿಸ್ತೀನಿ.

ಸಂಜೆ ಕೆಳಗೆ ಬಾ. ಬೈಯೋದಾದ್ರೆ ಕಾರಲ್ಲೇ ಕೂತು ಬೈ. ಇಳಿಯೋವಾಗ ನಾನು ಕೈ ಕೊಡಲ್ಲ, ನೀನೇ ಎದ್ದು ನೋಡು.

ಕೋಲು ಮುಟ್ಟಬೇಡ. ಅದನ್ನ ನಾನೇ ಅಮೃತಮ್ಮನವರಿಗೆ ಕೊಟ್ಟು ಬರ್ತೀನಿ, ಯಾಕೆ ಅಂತಾನೂ ನಾನೇ ಹೇಳ್ತೀನಿ.

ಪೂಜಿ