ಕರೆಯಲು ಹೋಗುವವನಿಗೆ ಟಿಕೆಟ್ಟಿಲ್ಲ

ದೇಶಪಾಂಡೆ ನಗರ, ಹುಬ್ಬಳ್ಳಿ
ರವಿವಾರ, ೯ ಜುಲೈ ೨೦೦೬

ಪ್ರೀತಿಯ ತಂಗಿ ನೀಲಾ,

ನಿನ್ನ ಮೊಣಕಾಲು ಹೇಗಿದೆ, ಅದನ್ನು ಮೊದಲು ಬರೆ. ಹೋದ ಪತ್ರದಲ್ಲಿ ‘ಅದು ಇದ್ದದ್ದೇ ಬಿಡು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಿ. ಅಂಥ ಸಾಲುಗಳನ್ನು ನಾನು ನಂಬುವುದಿಲ್ಲ. ನಿಮ್ಮವರ ಸಕ್ಕರೆ ಹತೋಟಿಯಲ್ಲಿದೆಯೇ? ಸೆಣಬಿನ ಗಿರಣಿಯ ಲೆಕ್ಕ ಬರೆಯುವಾಗ ಅಷ್ಟು ಬಿಗಿಯಾಗಿದ್ದ ಮನುಷ್ಯ ಕಲಕತ್ತೆಯ ಮಿಠಾಯಿ ಕಂಡರೆ ಹೇಗೆ ಸಡಿಲಾಗುತ್ತಾರೆಂದು ನಾನೇ ನೋಡಿದ್ದೇನೆ. ಇಲ್ಲಿ ನಾವು ಆರಾಮ. ಆಷಾಢದ ಗಾಳಿಗೆ ಉಣಕಲ್ ಕೆರೆಯ ದಂಡೆಯಲ್ಲಿ ಕೊಡೆ ತಿರುವುಮುರುವಾಗುತ್ತದೆ. ಆದರೂ ಬೆಳಗಿನ ತಿರುಗಾಟ ಬಿಟ್ಟಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತಿ, ನಾನು ಕೆಮ್ಮುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಸುದ್ದಿ ಸಿಟ್ಟಿನದು. ನಾಗರ ಪಂಚಮಿಗೆ ನಿನ್ನನ್ನು ವಿಮಾನದಲ್ಲಿ ಕರೆತರುತ್ತೇನೆ ಎಂದಿದ್ದೆನಲ್ಲ, ಆ ಮಾತು ಉಳಿಯಲಿಲ್ಲ. ಮುರಿದವನು ನಾನಲ್ಲ, ನಮ್ಮ ಎದುರುಮನೆ ಕಾಳವ್ವನ ಅಳಿಯ ಕುಮಾರಸ್ವಾಮಿ ತಂದುಕೊಟ್ಟ ಆ ಬಂಗಾರದ ಬಣ್ಣದ ಕ್ರೆಡಿಟ್ ಕಾರ್ಡು. ಯುಗಾದಿಯ ಮರುದಿನ ಟೈ ಕಟ್ಟಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಕೂತು, ನಿನ್ನ ವೈನಿಯ ಕೈಯ ಚಹಾ ಕುಡಿದು ಅವನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: “ಕಾಕಾ, ವಿಮಾನಕ್ಕ ನಿಮ್ಮದೊಂದು ಟಿಕೆಟ್ ತಗೊಂಡ್ರ, ಜೋಡಿ ಇದ್ದವರಿಗೆ ಪುಕ್ಕಟೆ. ಏರ್‌ಪೋರ್ಟಿನಾಗ ಸೋಫಾದ ಮ್ಯಾಲೆ ಕುಂಡ್ರಿಸಿ ಊಟಾ ಹಾಕ್ತಾರ್ರಿ.” ಕಲಕತ್ತೆಯಿಂದ ತಂಗಿಯನ್ನು ಕರೆತರಬಹುದೇನಪ್ಪಾ ಎಂದು ನಾನು ಬಿಡಿಸಿ ಕೇಳಿದೆ. “ಯಾಕಿಲ್ರಿ ಕಾಕಾ, ಗ್ಯಾರಂಟಿ” ಎಂದ. ನಾನು ದಿನಕ್ಕೆ ಮೂರು ಪೇಪರು ಓದುವವನು, ಮುನಸಿಪಾಲಟಿಯ ನೀರಿನ ಬಗ್ಗೆ ಸಂಪಾದಕರಿಗೆ ಪತ್ರ ಬರೆಯುವವನು. ಆದರೂ ನಂಬಿದೆ. ಯಾಕೆ ನಂಬಿದೆನೆಂದರೆ ನಾವು ಹತ್ತಿ ದಲಾಲಿಯ ಮಕ್ಕಳು, ನೀಲಾ. ಅಪ್ಪ ವಸ್ತ್ರದ ಮರೆಯಲ್ಲಿ ಕೊಳ್ಳುವವರ ಬೆರಳು ಹಿಡಿದು ಧಾರಣಿ ಹೇಳುತ್ತಿದ್ದುದು ನಿನಗೆ ನೆನಪಿರಬೇಕು. ಬಾಯಿಯಿಂದ ಒಂದು ಮಾತಿಲ್ಲ, ಕಾಗದವಿಲ್ಲ. ಸಂಜೆಯೊಳಗೆ ಪೇಟೆ ಬಿದ್ದರೂ ಆ ಬೆರಳಿನ ಧಾರಣಿ ಬದಲಾಗುತ್ತಿರಲಿಲ್ಲ. ಎದುರುಮನೆಯ ಅಳಿಯ ನಮ್ಮ ಪಡಸಾಲೆಯಲ್ಲಿ ಕೂತು ಆಡಿದ ಮಾತಿಗೂ ಅದೇ ಬೆಲೆ ಎಂದುಕೊಂಡೆ.

ಕಳೆದ ವಾರ ಕಾರ್ಡಿನ ಕಂಪನಿಗೆ ಫೋನ್ ಹಚ್ಚಿದೆ. ಬಹಳ ಹೊತ್ತು ಸಂಗೀತ ಕೇಳಿಸಿ, ಆಮೇಲೆ ಒಬ್ಬ ಹುಡುಗಿ ಸಿಕ್ಕಳು. ಪುಣ್ಯಕ್ಕೆ ಕನ್ನಡದವಳು. ಜೊತೆಗೆ ಬರುವವರು ನನ್ನೊಡನೆ ನಾನು ಹೊರಡುವ ಊರಿನಿಂದಲೇ ವಿಮಾನ ಹತ್ತಬೇಕಂತೆ. ಆಚೆಯ ಊರಿನಲ್ಲಿ ಹತ್ತಿ ಈಚೆ ಬರುವವರಿಗೆ ಆ ಟಿಕೆಟ್ಟು ಇಲ್ಲವೇ ಇಲ್ಲ. “ಅಲ್ಲವಾ, ಆಕಿ ಇಲ್ಲೇ ನನ್ನ ಜೋಡಿ ಇದ್ದಿದ್ರ, ನಾ ಕರಿಯಾಕ ಯಾಕ ಹೋಗ್ತಿದ್ದೆ?” ಎಂದೆ. ಪಾಪ, ಅವಳು ನಕ್ಕುಬಿಟ್ಟಳು. ನಕ್ಕ ಮೇಲೆ, ತಾನು ಗದಗಿನವಳು, ತನ್ನನ್ನೂ ಈ ಸಲ ಅಣ್ಣ ಕರೆಯಲು ಬರುತ್ತಾನೆ ಎಂದಳು. ಮತ್ತೆ ಕೂಡಲೇ ಕಂಪನಿಯ ದನಿ ತಂದುಕೊಂಡು, ಹಬ್ಬದ ವಾರ ಹೇಗೂ ಸೀಟು ಇರುವುದಿಲ್ಲ, ಯಾವ ಸೌಲಭ್ಯವನ್ನೂ ಮುನ್ಸೂಚನೆ ಇಲ್ಲದೆ ಹಿಂದಕ್ಕೆ ಪಡೆಯುವ ಅಧಿಕಾರ ಕಂಪನಿಗೆ ಇದೆ ಎಂದು ಒಪ್ಪಿಸಿದಳು.

ಕುಮಾರಸ್ವಾಮಿಯನ್ನು ಬೀದಿಯಲ್ಲೇ ಹಿಡಿದೆ. ತಪ್ಪಾಯಿತು ಎನ್ನಲಿಲ್ಲ. “ಕಾಕಾ, ಅದು ಸವಲತ್ತರಿ, ಹಕ್ಕಲ್ಲ. ಅವರು ಕೊಟ್ಟಷ್ಟು ದಿನ ಐತಿ, ಬ್ಯಾಡಾದ ದಿನ ಇಲ್ಲ” ಎಂದು ನನಗೇ ತಿಳಿಹೇಳಿದ. ಸಂಜೆಯ ತನಕ ಬೈದುಕೊಂಡೆ. ನಿನ್ನ ವೈನಿ ಕೇಳಿ ಕೇಳಿ ಸಾಕಾಗಿ, “ಆ ಕಾರ್ಡ್ ಇತ್ತ ಕೊಡ್ರಿ, ದ್ವಾಸಿ ಮಗಚಾಕರ ಬರ್ತೈತೇನ ನೋಡ್ತೇನಿ” ಎಂದಳು. ಅಡುಗೆಮನೆಯಲ್ಲಿ ನಾವಿಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ನನಗೆ ಹೊಳೆಯಿತು, ಕುಮಾರಸ್ವಾಮಿಯ ಆ ಮಾತನ್ನು ನಾನು ಈ ವರ್ಷ ಇನ್ನೊಂದು ಬಾಯಿಯಿಂದ ಕೇಳಿದ್ದೇನೆ.

ಅವ್ವನ ಕಾರ್ಯ ಮುಗಿಸಿ ನೀನು ಹೊರಟ ದಿನ. ಆಟೋ ಬಾಗಿಲಲ್ಲಿ ನಿಂತಿತ್ತು. ಹೊಸ್ತಿಲು ದಾಟಿ ಹಿಂತಿರುಗಿ, “ಅಣ್ಣಾ, ತವರು ಅನ್ನೂದು ಅವ್ವ ಇರೂತನಕ. ಇನ್ನ ನಾ ಯಾರ ಮನಿಗೆ ಬರ್ಲಿ?” ಎಂದಿ. ಕುಮಾರಸ್ವಾಮಿಗಾದರೂ ಎದುರು ಮಾತನಾಡಿದೆ. ನಿನ್ನೆದುರು ನಿನ್ನ ಚೀಲ ಎತ್ತಿ ಆಟೋದಲ್ಲಿಟ್ಟೆ, ಅಷ್ಟೇ. ಉತ್ತರ ಈಗ ಬರೆಯುತ್ತೇನೆ. ಅವ್ವ ಪ್ರೀತಿಯಿಂದ ಕೊಟ್ಟಷ್ಟು ದಿನ ಇದ್ದು, ಅವಳು ಹೋದೊಡನೆ ಹಿಂದಕ್ಕೆ ಹೋಗುವ ಸವಲತ್ತೇನು ತವರೆಂದರೆ? ಹಿತ್ತಲ ಬೇವಿನ ಮರದ ಜೋಕಾಲಿಯಲ್ಲಿ ನೀನು ನಿಂತು ಜೀಕಿ, ಮುಡಿಗೆ ಬೇವಿನೆಲೆ ಸಿಕ್ಕಿಸಿಕೊಂಡು ಇಳಿಯುತ್ತಿದ್ದಿಯಲ್ಲ, ಆ ಟೊಂಗೆಯಲ್ಲಿ ಹಗ್ಗ ಉಜ್ಜಿದ ಗುರುತು ಇನ್ನೂ ಇದೆ. ಅದನ್ನು ಯಾರ ಅಪ್ಪಣೆಯಿಂದ ಅಳಿಸಲಿ?

ಇನ್ನೊಂದು ಮಾತು. ಹುತ್ತಕ್ಕೆ ಹಾಲೆರೆಯುವಾಗ ದೇವರ ಪಾಲು, ಗುರುವಿನ ಪಾಲು ಆದ ಮೇಲೆ ಅವ್ವ ಪ್ರತಿ ವರ್ಷ ಮೊದಲು ನಿನ್ನ ಪಾಲು ಎರೆಯುತ್ತಿದ್ದಳು, ನೀನು ಬಂದಿರು, ಬಾರದಿರು. ಈ ವರ್ಷ ಅವ್ವನ ಪಾಲು ಎರೆಯಬೇಕು. ನಿನ್ನ ವೈನಿ ಶರಣವ್ವ ನಿನ್ನೆ ಶೇಂಗಾ ಹುರಿಯುತ್ತ ಸ್ಪಷ್ಟವಾಗಿ ಹೇಳಿಬಿಟ್ಟಳು: “ಅತ್ತಿಯವರ ಪಾಲು ನಾ ಎರಿಯಾಂಗಿಲ್ಲ. ಮಗಳಿದ್ದಾಳ, ಮಗಳ ಎರೀಬೇಕು.” ಪೂರ್ತಿ ರೊಕ್ಕ ಕೊಟ್ಟು ವಿಮಾನದ ಟಿಕೆಟ್ಟು ತೆಗೆಸಲು ನನ್ನ ಅಡ್ಡಿಯಿಲ್ಲ. ಆದರೆ ಹೋದ ಪತ್ರದಲ್ಲೇ ನೀನು, ಪುಕ್ಕಟೆ ಇಲ್ಲದಿದ್ದರೆ ವಿಮಾನ ಹತ್ತುವುದಿಲ್ಲ, ನನಗಾಗಿ ಅಣ್ಣ ಮೋಡಕ್ಕೆ ರೊಕ್ಕ ಸುರಿದರೆ ಅವ್ವನ ಆಣೆ ಎಂದು ನನ್ನ ಕೈ ಕಟ್ಟಿಹಾಕಿದ್ದಿ. ಆ ಆಣೆ ಮುರಿಯುವ ಧೈರ್ಯ ನನಗಿಲ್ಲ. ಹಾಗೆಂದು ಇನ್ನೊಬ್ಬರ ಕೈಯಲ್ಲಿ ಪಂಚಮಿಯ ಉಂಡಿ ಕಟ್ಟಿ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸಿಲ್ಲ. ಮನೆಯಲ್ಲಿ ಎಲ್ಲ ಇದೆ, ನೀಲಾ. ಸಂಜೆ ಹೊತ್ತು ‘ಅಣ್ಣಾ’ ಎನ್ನುವವರು ಯಾರೂ ಇಲ್ಲ. ಊರೆಲ್ಲ ನನಗೆ ಕಾಕಾ ಎನ್ನುತ್ತದೆ.

ನಿಮ್ಮವರಿಗೆ ನಮ್ಮಿಬ್ಬರ ಶರಣು ಹೇಳು. ಅಪ್ಪ ಅವ್ವನ ಆಶೀರ್ವಾದ ನಿನ್ನ ಬೆನ್ನಿಗಿರಲಿ. ನನ್ನದು ಇದ್ದೇ ಇದೆ.

ನಿನ್ನ ಅಣ್ಣ,
ಮಡಿವಾಳಪ್ಪ

ತಾ.ಕ.: ಸೋಮವಾರ ಮಧ್ಯಾಹ್ನ, ಸ್ಟೇಶನ್ನಿನ ಟಪಾಲು ಪೆಟ್ಟಿಗೆಯ ಹತ್ತಿರ ನಿಂತು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನೀನು ಆಣೆ ಹಾಕಿದ್ದು ವಿಮಾನಕ್ಕೆ, ರೈಲಿಗಲ್ಲ. ಷರತ್ತು ಓದುವುದನ್ನು ನಾನೂ ಕಲಿತಿದ್ದೇನೆ. ಹೌರಾ ಗಾಡಿಗೆ ಟಿಕೆಟ್ ತೆಗೆಸಿಬಿಟ್ಟೆ. ಬರುವಾಗ ನಿನಗೆ ಎ.ಸಿ. ಡಬ್ಬಿಯಲ್ಲಿ ಕೆಳಗಿನ ಬರ್ತು ಖಚಿತವಾಗಿದೆ, ಕಾಲು ಚಾಚಿ ಮಲಗಬಹುದು. ನನ್ನದು ವೇಟಿಂಗ್ ಲಿಸ್ಟು. ಸಿಕ್ಕದಿದ್ದರೆ ಸಾದಾ ಡಬ್ಬಿಯಲ್ಲಿ ಕೂತು ಬರುತ್ತೇನೆ, ದೊಡ್ಡ ನಿಲ್ದಾಣ ಬಂದಾಗಲೆಲ್ಲ ಇಳಿದು ನಿನ್ನ ಕಿಟಕಿ ಬಡಿಯುತ್ತೇನೆ. ಇದೇ ೨೨, ಶನಿವಾರ ಅಲ್ಲಿ ಇಳಿಯುತ್ತೇನೆ. ನಿಮ್ಮವರನ್ನು ಸ್ಟೇಶನ್ನಿಗೆ ಕಳಿಸಬೇಡ, ನೀನೂ ಬರಬೇಡ. ಕರೆಯಲು ಬರುವ ಅಣ್ಣ ಬಾಗಿಲಿಗೇ ಬರಬೇಕು.